ಹಳೆಯ ಆಟ, ಹೊಸ ಅಂಗಡಿ

ಬಿಎಸ್‌ಎನ್‌ಎಲ್‌ನ ಡೇಟಾಒನ್ ಬ್ರಾಡ್‌ಬ್ಯಾಂಡ್ ಶುರುವಾಗಿದ್ದು 2005ರ ಜನವರಿಯಲ್ಲಿ. ಜಯನಗರ, ಬನಶಂಕರಿ, ಜೆ.ಪಿ. ನಗರದ ಮನೆಗಳಿಗೆ ಬಂದ ಮೊದಮೊದಲ ಸಂಪರ್ಕಗಳ ವೇಗ ಸೆಕೆಂಡಿಗೆ 256 ಕಿಲೋಬಿಟ್. ಹಗಲು ಹೊತ್ತು ಬಳಸಿದ ಒಂದೊಂದು ಎಂಬಿಗೂ ಲೆಕ್ಕ. ಕೆಲವು ಪ್ಲಾನ್‌ಗಳಲ್ಲಿ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಮಾತ್ರ ಲೆಕ್ಕವಿರಲಿಲ್ಲ. ಆ ವೇಗದಲ್ಲಿ 700 ಎಂಬಿ, ಅಂದರೆ ಒಂದು ಸಿಡಿ ತುಂಬುವಷ್ಟು ಸರಕು ಇಳಿಯಲು ಹಿಡಿಯುತ್ತಿದ್ದ ಹೊತ್ತು ಹೆಚ್ಚುಕಡಿಮೆ ಆರು ಗಂಟೆ. ಕರೆಂಟು ಹೋಗದಿದ್ದರೆ ರಾತ್ರಿಗೊಂದು ಸಿಡಿ. ಮಗ ಎರಡು ಗಂಟೆಗೆ ಅಲಾರಂ ಇಟ್ಟು ಏಳುತ್ತಾನೆಂದರೆ ಪರೀಕ್ಷೆಗೆ ಓದುತ್ತಿದ್ದಾನೆಂದು ನಂಬಿದ ಅಪ್ಪ ಅಮ್ಮಂದಿರು ದಕ್ಷಿಣ ಬೆಂಗಳೂರಿನಲ್ಲಿ ಕಡಿಮೆಯೇನಿರಲಿಲ್ಲ.

ಈಗ ಅದೇ ಬೀದಿಗಳಲ್ಲಿ ಫೈಬರ್ ಇದೆ. 1996ರ ಆಟವೊಂದು ಒಂದೆರಡು ನಿಮಿಷದಲ್ಲಿ ಇಳಿಯುತ್ತದೆ. ಅಲಾರಂ ಇಡುತ್ತಿದ್ದ ಹುಡುಗರು ಈಗ ಸಂಬಳದವರು, ಹಲವರು ಅಪ್ಪಂದಿರು. ಆಗ ಆಡಿದ ಆಟವನ್ನು ಈಗ ದುಡ್ಡು ಕೊಟ್ಟು ಕೊಳ್ಳುವ ಮನಸ್ಸೂ ಇದೆ. ಗ್ರಾಫಿಕ್ಸ್ ಕಾರ್ಡಿಲ್ಲದ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುವುದರಿಂದ ಬಿಟಿಎಂ ಲೇಔಟಿನ ಪಿಜಿ ಕೋಣೆಗಳಿಗೂ ಇವು ಹೇಳಿ ಮಾಡಿಸಿದ ಆಟಗಳು. ಆಫೀಸು ಕೊಟ್ಟ ಲ್ಯಾಪ್‌ಟಾಪಿನಲ್ಲಿ ಹಾಕಿಕೊಳ್ಳುವ ಧೈರ್ಯ ಮಾತ್ರ ಯಾರೂ ಮಾಡದಿರುವುದು ಕ್ಷೇಮ.

ಕೊಳ್ಳುವುದು ಎಲ್ಲಿ? ಜಿಒಜಿ, ಸ್ಟೀಮ್, ಎಪಿಕ್, ಝೂಮ್ ಪ್ಲಾಟ್‌ಫಾರ್ಮ್, ಇಚ್ ಡಾಟ್ ಐಒ ಹೀಗೆ ಅಂಗಡಿಗಳು ಹಲವು. ಬೆಲೆಪಟ್ಟಿಯನ್ನಷ್ಟೇ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ತಿಳಿಯುವುದಿಲ್ಲ. ಇಪ್ಪತ್ತೈದು ವರ್ಷ ಹಳೆಯ ಆಟ ಇವತ್ತಿನ ವಿಂಡೋಸ್‌ನಲ್ಲಿ ತಾನಾಗಿ ಓಡುವುದಿಲ್ಲ. ಅದರ ಹಕ್ಕು ಯಾರ ಹೆಸರಿನಲ್ಲಿದೆ ಎಂದು ಯಾರೋ ಹುಡುಕಬೇಕು, ಯಾರೋ ರಿಪೇರಿ ಮಾಡಬೇಕು, ಮುಂದಿನ ವಿಂಡೋಸ್ ಬಂದಾಗ ಮತ್ತೆ ಕೈಹಾಕಬೇಕು. ನಾವು ಹಣ ತೆರುವುದು ಈ ಕೆಲಸಕ್ಕೂ ಸೇರಿ. ಯಾವ ಅಂಗಡಿ ಎಷ್ಟು ಕೆಲಸ ಮಾಡುತ್ತದೆ, ಕೊಂಡ ಮೇಲೆ ನಮ್ಮ ಕೈಯಲ್ಲಿ ಏನು ಉಳಿಸುತ್ತದೆ ಎಂಬುದನ್ನೇ ಈ ಸಮೀಕ್ಷೆಯ ಅಳತೆಗೋಲು ಮಾಡಿಕೊಂಡಿದ್ದೇನೆ.

ಫ್ಲಾಪಿ, ಸಿಡಿ, ಸೈಬರ್

ಕೇಂದ್ರ ಸರ್ಕಾರ 1984–85ರಲ್ಲಿ ‘ಕ್ಲಾಸ್’ ಯೋಜನೆಯಡಿ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರುಗಳನ್ನು ಕೊಟ್ಟಿತು. ಆದರೆ ನಮ್ಮವರ ಆಟದ ನೆನಪು ಶುರುವಾಗುವುದು ತೊಂಬತ್ತರ ದಶಕದ ಶಾಲಾ ಲ್ಯಾಬಿನಿಂದ: ಚಪ್ಪಲಿ ಹೊರಗೆ ಬಿಟ್ಟು, ಎಸಿ ಕೋಣೆಯಲ್ಲಿ, ಒಂದು ಯಂತ್ರಕ್ಕೆ ಮೂವರು. ಜಾನ್ ರೊಮೆರೊ 1988ರಲ್ಲಿ ಆಪಲ್ ಯಂತ್ರಕ್ಕಾಗಿ ಬರೆದು, ಆಮೇಲೆ ಡಾಸ್‌ಗೆ ತಂದ ‘ಡೇಂಜರಸ್ ಡೇವ್’, ಜೋರ್ಡನ್ ಮೆಕ್ನರ್‌ನ 1989ರ ‘ಪ್ರಿನ್ಸ್ ಆಫ್ ಪರ್ಷಿಯಾ’ ಎರಡೂ ಆ ಲ್ಯಾಬುಗಳ ಖಾಯಂ ಗಿರಾಕಿಗಳು. ಫ್ಲಾಪಿಯಲ್ಲಿ ಹಿಡಿಯುತ್ತಿದ್ದುದೇ ಅವುಗಳ ದೊಡ್ಡ ಗುಣ. ಡೇವ್ ಅಮೆರಿಕದಲ್ಲಿ ಅಷ್ಟೇನೂ ಮೆರೆಯಲಿಲ್ಲ. ಇಲ್ಲಿ ಒಂದು ಪೀಳಿಗೆಯ ಮೊದಲ ಆಟವೇ ಅದು.

‘ವುಲ್ಫನ್‌ಸ್ಟೈನ್ 3ಡಿ’ (1992) ಮತ್ತು ‘ಡೂಮ್’ (1993) ಬಂದದ್ದು ಶೇರ್‌ವೇರ್ ಪದ್ಧತಿಯಲ್ಲಿ. ಮೊದಲ ಕಂತು ಎಲ್ಲರಿಗೂ ಉಚಿತ, ಎಷ್ಟು ಜನರಿಗೆ ಬೇಕಾದರೂ ಹಂಚಬಹುದು. ಉಳಿದ ಕಂತುಗಳು ಬೇಕಾದರೆ ಟೆಕ್ಸಾಸಿಗೆ ದುಡ್ಡು ಕಳಿಸಬೇಕು. ಒಂದರ್ಥದಲ್ಲಿ ಇದೂ ದೂರದ ಆಟದಂಗಡಿಯೇ. ಜಯನಗರದ ಹುಡುಗನಿಗೆ ಅದರ ಬಾಗಿಲು ಮುಚ್ಚಿತ್ತು. ವಿದೇಶಿ ವಿನಿಮಯವನ್ನು ಆಗ ಆಳುತ್ತಿದ್ದುದು 1973ರ ಫೆರಾ ಕಾಯ್ದೆ. ಅದರ ಜಾಗಕ್ಕೆ ಫೆಮಾ ಬಂದದ್ದು 2000ದ ಜೂನ್‌ನಲ್ಲಿ. ಆಟಕ್ಕಾಗಿ ಡಾಲರು ಕಳಿಸುವ ಮಾತನ್ನು ಮನೆಯಲ್ಲಿ ಎತ್ತುವಂತೆಯೇ ಇರಲಿಲ್ಲ. ಹಾಗಾಗಿ ನಮ್ಮಲ್ಲಿ ಬಹಳ ಜನಕ್ಕೆ ಡೂಮ್ ಎಂದರೆ ಅದರ ಮೊದಲ ಕಂತು ಮಾತ್ರ. ಈಗ ಕೊಂಡು ಪೂರ್ತಿ ಆಡುವವರು ನೆನಪನ್ನು ಕೆದಕಲು ಹೋಗಿ, ಎಂದೂ ನೋಡದ ಮುಕ್ಕಾಲು ಆಟಕ್ಕೆ ಎದುರಾಗುತ್ತಾರೆ.

ಪೆಂಟಿಯಂ ಬಂತು, ಸಿಡಿ ಡ್ರೈವ್ ಬಂತು, ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಅಸೆಂಬಲ್ ಮಾಡಿಸುವುದು ರೂಢಿಯಾಯಿತು. ಮಷೀನು ಕೂರಿಸಿಕೊಟ್ಟವನು ಹಾರ್ಡ್‌ಡಿಸ್ಕಿಗೆ ನಾಲ್ಕಾರು ಆಟ ‘ಹಾಕಿ’ ಕೊಡುವುದು ಸೇವೆಯ ಒಂದು ಭಾಗ. ಬೇಕಾದ ಬೇರೆ ಆಟಕ್ಕೆ ಮೆಜೆಸ್ಟಿಕ್ ಕಡೆಯ ನ್ಯಾಷನಲ್ ಮಾರ್ಕೆಟ್ ಇತ್ತು. ಪ್ಲಾಸ್ಟಿಕ್ ಕವರಿನಲ್ಲಿ ಸಿಡಿ, ಮೇಲೆ ಮಾರ್ಕರ್ ಪೆನ್ನಿನಲ್ಲಿ ಹೆಸರು. ‘ರೋಡ್ ರ‍್ಯಾಶ್’, ‘ನೀಡ್ ಫಾರ್ ಸ್ಪೀಡ್ 2’, ‘ಕ್ಲಾ’, ‘ವರ್ಚುವಾ ಕಾಪ್ 2’, ‘ಮಿಡ್‌ಟೌನ್ ಮ್ಯಾಡ್‌ನೆಸ್’, ‘ಏಜ್ ಆಫ್ ಎಂಪೈರ್ಸ್’, 2000ದ ಹೊತ್ತಿಗೆ ‘ಐಜಿಐ’, 2003ರಲ್ಲಿ ‘ವೈಸ್ ಸಿಟಿ’. ಎಲ್ಲವೂ ಕಳ್ಳ ನಕಲು, ಎಲ್ಲರಿಗೂ ಗೊತ್ತಿದ್ದ ಕಳ್ಳ ನಕಲು. ಅಸಲಿ ಪೆಟ್ಟಿಗೆ ಬೇಕೆಂದರೆ 2004ರಲ್ಲಿ ಹೊಸೂರು ರಸ್ತೆಯಲ್ಲಿ ಫೋರಂ ಮಾಲ್ ತೆರೆದ ಮೇಲೆ ಅಲ್ಲಿನ ಲ್ಯಾಂಡ್‌ಮಾರ್ಕ್‌ನಂಥ ಅಂಗಡಿಗೆ ಹೋಗಬೇಕಿತ್ತು. ‘ಡಿಜಿಟ್’ ಪತ್ರಿಕೆಯ ಜೊತೆ ಬರುತ್ತಿದ್ದ ಸಿಡಿಯಲ್ಲಿನ ಡೆಮೊಗಳನ್ನೇ ತಿಂಗಳುಗಟ್ಟಲೆ ಆಡಿದವರೂ ಇದ್ದರು.

ಇದಕ್ಕೆ ಸಮಾನಾಂತರವಾಗಿ ಸೈಬರ್ ಕೆಫೆ. 1996ರ ಜುಲೈನಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದಾಗ ಕಾಫಿಯ ಜೊತೆ ಇಂಟರ್ನೆಟ್ಟನ್ನೂ ಮಾರುತ್ತಿತ್ತು. ಕೆಲವೇ ವರ್ಷಗಳಲ್ಲಿ ಕಾಲೇಜುಗಳ ಸುತ್ತ, ಬಡಾವಣೆಗಳ ಅಡ್ಡರಸ್ತೆಗಳಲ್ಲಿ ಸೈಬರ್‌ಗಳು ಎದ್ದವು. ಗಂಟೆಗಿಷ್ಟು ಎಂದು ಕೊಟ್ಟು ಲ್ಯಾನ್‌ನಲ್ಲಿ ‘ಕೌಂಟರ್ ಸ್ಟ್ರೈಕ್’ ಆಡುವುದು ಒಂದು ಕಾಲದ ಸಂಜೆಯ ಕಸುಬೇ ಆಗಿತ್ತು. ಅಲ್ಲಿ ಕೇಳಿಬರುತ್ತಿದ್ದ ‘ನಾನ್‌ಸ್ಟೀಮ್’ ಎಂಬ ಮಾತನ್ನು ಗಮನಿಸಿ. ಸ್ಟೀಮ್ ಎಂಬ ಅಂಗಡಿಯ ಹೆಸರು ಇಲ್ಲಿ ಬಹಳ ಹುಡುಗರ ಕಿವಿಗೆ ಮೊದಲು ಬಿದ್ದದ್ದು, ಅದನ್ನು ತಪ್ಪಿಸಿಕೊಂಡು ಆಡುವ ನಕಲಿನ ಹೆಸರಾಗಿ.

ದೇಶೀ ಪ್ರಯತ್ನಗಳು

ನಡುವೆ ನಮ್ಮವರೂ ಕೈಯಾಡಿಸಿದರು. ಮುಂಬೈನ ಇಂಡಿಯಾಗೇಮ್ಸ್ ಬ್ರಾಡ್‌ಬ್ಯಾಂಡ್ ಕಂಪನಿಗಳ ಜೊತೆ ಸೇರಿ ‘ಗೇಮ್ಸ್ ಆನ್ ಡಿಮಾಂಡ್’ ತಂದಿತು. ತಿಂಗಳಿಗಿಷ್ಟು ಕಟ್ಟಿದರೆ ಹಲವು ಆಟ. ಆಟದ ಪೆಟ್ಟಿಗೆಗಳನ್ನು ಆಮದು ಮಾಡಿ ಹಂಚುತ್ತಿದ್ದ ಮೈಲ್‌ಸ್ಟೋನ್ ಇಂಟರ‍್ಯಾಕ್ಟಿವ್ ಸಂಸ್ಥೆ ‘ಗೇಮ್ಸ್ ದ ಶಾಪ್’ ಹೆಸರಿನಲ್ಲಿ ಮಳಿಗೆ, ಜಾಲತಾಣ ಎರಡನ್ನೂ ನಡೆಸಿತು. 2007ರಲ್ಲಿ ಕೋರಮಂಗಲದಲ್ಲಿ ಪುಸ್ತಕದಿಂದ ಶುರುಮಾಡಿದ ಫ್ಲಿಪ್‌ಕಾರ್ಟ್ ಮುಂದೆ ಆಟದ ಡಿಸ್ಕುಗಳನ್ನೂ ಮನೆಬಾಗಿಲಿಗೆ ತಂದುಕೊಟ್ಟಿತು.

ಆ ಫ್ಲಿಪ್‌ಕಾರ್ಟಿನದೇ ಇನ್ನೊಂದು ಪ್ರಸಂಗ ಇಲ್ಲಿ ಹೇಳಬೇಕು, ಆಟಕ್ಕೆ ನೇರ ಸಂಬಂಧವಿಲ್ಲದಿದ್ದರೂ. 2012ರ ಫೆಬ್ರುವರಿಯಲ್ಲಿ ಅದು ‘ಫ್ಲೈಟ್’ ಎಂಬ ಸಂಗೀತದಂಗಡಿ ತೆರೆಯಿತು. ಹಾಡುಗಳು ಬೀಗವಿಲ್ಲದ ಎಂಪಿ3 ಕಡತಗಳು. 2013ರ ಜೂನ್‌ನಲ್ಲಿ ಅಂಗಡಿ ಮುಚ್ಚಿತು; ಕೊಂಡದ್ದನ್ನು ಗಡುವಿನೊಳಗೆ ಇಳಿಸಿಕೊಳ್ಳಿ ಎಂದು ಗ್ರಾಹಕರಿಗೆ ಹೇಳಿತು. ಇಳಿಸಿಕೊಂಡವರ ಹಾಡು ಇವತ್ತಿಗೂ ಓಡುತ್ತದೆ. ಅಂಗಡಿ ಮುಚ್ಚಿದ ಮೇಲೂ ಸರಕು ಉಳಿದದ್ದು ಕಡತಕ್ಕೆ ಬೀಗವಿರಲಿಲ್ಲ ಎಂಬ ಒಂದೇ ಕಾರಣಕ್ಕೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು, ಜಿಒಜಿ ಹುಟ್ಟಿದ ಪೋಲೆಂಡಿಗೆ ಹೋಗೋಣ.

ವಾರ್ಸಾದ ರಿಪೇರಿ ಅಂಗಡಿ

ಮಾರ್ಚಿನ್ ಇವಿನ್‌ಸ್ಕಿ ಮತ್ತು ಮಿಹಾವ್ ಕಿಚಿನ್‌ಸ್ಕಿ 1994ರಲ್ಲಿ ಸಿಡಿ ಪ್ರೊಜೆಕ್ಟ್ ಕಟ್ಟಿದಾಗ ಪೋಲೆಂಡಿನ ಮಾರುಕಟ್ಟೆ ನಮ್ಮ ನ್ಯಾಷನಲ್ ಮಾರ್ಕೆಟ್ಟಿಗಿಂತ ಭಿನ್ನವಾಗಿರಲಿಲ್ಲ: ಎಲ್ಲೆಲ್ಲೂ ನಕಲು. ಅವರು ಕಂಡುಕೊಂಡ ಉಪಾಯ, ನಕಲಿನವನು ಕೊಡಲಾರದ್ದನ್ನು ಕೊಡುವುದು. 1999ರಲ್ಲಿ ‘ಬಾಲ್ಡರ್ಸ್ ಗೇಟ್’ ಆಟವನ್ನು ಪೋಲಿಷ್ ನಟರ ಧ್ವನಿಯಲ್ಲಿ, ಒಳ್ಳೆಯ ಪೆಟ್ಟಿಗೆಯಲ್ಲಿ ತಂದರು. ಗೆದ್ದರು. ಅದೇ ಬುದ್ಧಿಯ ಮುಂದುವರಿಕೆ 2008ರ ‘ಗುಡ್ ಓಲ್ಡ್ ಗೇಮ್ಸ್’. ಆರಂಭದಲ್ಲಿ ಎರಡೇ ಬೆಲೆ, 5.99 ಮತ್ತು 9.99 ಡಾಲರ್. ಯಾವ ಆಟಕ್ಕೂ ಡಿಆರ್‌ಎಂ ಬೀಗವಿಲ್ಲ. ಇನ್‌ಸ್ಟಾಲರ್ ಇಳಿಸಿ ಪೆನ್‌ಡ್ರೈವಿಗೆ ಹಾಕಿಕೊಂಡರೆ ಮುಂದೆ ಇಂಟರ್ನೆಟ್ಟೂ ಬೇಡ, ಅಂಗಡಿಯ ಅಪ್ಪಣೆಯೂ ಬೇಡ. 2010ರ ಸೆಪ್ಟೆಂಬರಿನಲ್ಲಿ ಅಂಗಡಿಯೇ ಮುಚ್ಚಿತೆಂದು ನಾಟಕವಾಡಿ, ಆಮೇಲೆ ಸನ್ಯಾಸಿಗಳ ವೇಷ ಹಾಕಿ ಕ್ಷಮೆ ಕೇಳಿ ಹೊಸ ತಾಣ ತೆರೆದರು. ಪ್ರಚಾರಕ್ಕೆ ಮಾಡಿದ ಆ ತಮಾಷೆ ಗಿರಾಕಿಗಳಿಗೆ ಹಿಡಿಸಲಿಲ್ಲ. ಇಳಿಸಿಟ್ಟುಕೊಳ್ಳದವರ ಪಾಡೇನು ಎಂಬ ಪ್ರಶ್ನೆಯನ್ನು ಮಾತ್ರ ಅದು ಚೆನ್ನಾಗಿ ಎತ್ತಿತು. 2012ರಲ್ಲಿ ಹೆಸರು ಜಿಒಜಿ ಎಂದು ಮೊಟಕಾಯಿತು. ಹೊಸ ಆಟಗಳೂ ಬಂದವು.

ರಿಪೇರಿ ಎಂದೆನಲ್ಲ, ಅದು ಏನೆಂದು ಹೇಳಬೇಕು. ಡಾಸ್ ಕಾಲದ ಆಟಗಳಲ್ಲಿ ಹಲವು 16 ಬಿಟ್‌ನವು. 64 ಬಿಟ್ ವಿಂಡೋಸ್ ಅವುಗಳನ್ನು ಮುಟ್ಟುವುದೇ ಇಲ್ಲ. ಕೆಲವು ಆಟಗಳ ನಡೆಯೇ ಪ್ರೊಸೆಸರಿನ ವೇಗಕ್ಕೆ ಕಟ್ಟುಬಿದ್ದಿತ್ತು. ಹಳೆಯ ಯಂತ್ರಗಳ ‘ಟರ್ಬೊ’ ಗುಂಡಿ ಅದಕ್ಕಾಗಿಯೇ ಇದ್ದದ್ದು. ಈ ಭಾಗವನ್ನು ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ 2002ರಿಂದ ನಿಭಾಯಿಸುತ್ತಿದೆ. ಹಳೆಯ ಯಂತ್ರವನ್ನೇ ಹೊಸ ಯಂತ್ರದೊಳಗೆ ಅಣಕಿಸಿ ತೋರಿಸುತ್ತದೆ. ಅಂಗಡಿಗಳು ಡಾಸ್ ಆಟಗಳ ಜೊತೆ ಅದನ್ನೇ ಸೇರಿಸಿ, ಆಟಕ್ಕೆ ತಕ್ಕ ಹೊಂದಿಕೆ ಮಾಡಿ ಕೊಡುತ್ತವೆ. ಸ್ವಯಂಸೇವಕರು ಬರೆದ ತಂತ್ರಾಂಶದ ಮೇಲೆ ಇಡೀ ಒಂದು ವ್ಯಾಪಾರ ನಿಂತಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ನಿಜವಾದ ಪೇಚು 1996ರಿಂದ 2003ರವರೆಗಿನ ವಿಂಡೋಸ್ ಆಟಗಳದು, ಅಂದರೆ ನಮ್ಮ ಸಿಡಿ ಕಾಲದ ಆಟಗಳದೇ. ಅವಕ್ಕೆ ಡಾಸ್‌ಬಾಕ್ಸ್ ಒದಗುವುದಿಲ್ಲ. ಕೆಲವು 3ಡಿಎಫ್ಎಕ್ಸ್ ಕಂಪನಿಯ ಗ್ರಾಫಿಕ್ಸ್ ಕಾರ್ಡನ್ನು ನೆಚ್ಚಿಕೊಂಡಿದ್ದವು. ಆ ಕಂಪನಿಯ ಆಸ್ತಿಯೇ ಎನ್‌ವಿಡಿಯಾ ಪಾಲಾಯಿತು. ಕೆಲವಕ್ಕೆ ಸೇಫ್‌ಡಿಸ್ಕ್ ಎಂಬ ಬೀಗವಿತ್ತು. ಅದಕ್ಕೆ ಬೇಕಾದ ಡ್ರೈವರನ್ನು ಭದ್ರತೆಯ ಕಾರಣ ಕೊಟ್ಟು ಮೈಕ್ರೋಸಾಫ್ಟ್ 2015ರ ವಿಂಡೋಸ್ 10ರಿಂದ ಕಿತ್ತುಹಾಕಿತು. ಪರಿಣಾಮ ವಿಚಿತ್ರ. ಫೋರಂ ಮಾಲಿನಲ್ಲಿ ದುಬಾರಿ ಬೆಲೆ ತೆತ್ತು ಅಸಲಿ ಪೆಟ್ಟಿಗೆ ಕೊಂಡಿದ್ದ ಪ್ರಾಮಾಣಿಕನ ಡಿಸ್ಕು ಓಡುವುದಿಲ್ಲ. ಬೀಗ ಒಡೆದ ನಕಲು ಕೆಲವೊಮ್ಮೆ ಓಡುತ್ತದೆ. ಇಂಥ ಆಟಗಳನ್ನು ಒಂದೊಂದಾಗಿ ಬಿಚ್ಚಿ ಸರಿಪಡಿಸುವುದರಲ್ಲಿ ಜಿಒಜಿ ಉಳಿದವರಿಗಿಂತ ಮುಂದಿದೆ. 2024ರ ನವೆಂಬರಿನಲ್ಲಿ ನೂರು ಆಟಗಳೊಂದಿಗೆ ‘ಪ್ರಿಸರ್ವೇಶನ್ ಪ್ರೋಗ್ರಾಂ’ ಶುರುಮಾಡಿ, ಈ ಪಟ್ಟಿಯ ಆಟಗಳನ್ನು ಮುಂದೆಯೂ ಓಡುವಂತೆ ನೋಡಿಕೊಳ್ಳುವ ಹೊಣೆ ನಮ್ಮದು ಎಂದು ಬರೆದುಕೊಟ್ಟಿತು.

ರಿಪೇರಿಗಿಂತ ಕಷ್ಟದ್ದು ಹಕ್ಕಿನ ಹುಡುಕಾಟ. ‘ಸಿಸ್ಟಂ ಶಾಕ್ 2’ ಮಾಡಿದ ಲುಕಿಂಗ್ ಗ್ಲಾಸ್ ಕಂಪನಿ 2000ದಲ್ಲಿ ಮುಚ್ಚಿತು. ಆಟದ ಹಕ್ಕು ಕೊನೆಗೆ ಹೋಗಿ ಸೇರಿದ್ದು ಒಂದು ವಿಮಾ ಕಂಪನಿಗೆ. 2012ರಲ್ಲಿ ಸ್ಟೀಫನ್ ಕಿಕ್ ಎಂಬಾತ ಗ್ವಾಟೆಮಾಲಾ ಪ್ರವಾಸದಲ್ಲಿ ತನ್ನ ಪುಟ್ಟ ಲ್ಯಾಪ್‌ಟಾಪಿನಲ್ಲಿ ಆ ಆಟ ಓಡದೆ ಪರದಾಡಿ, ಹಕ್ಕಿನ ಜಾಡು ಹಿಡಿದು ವಿಮಾ ಕಂಪನಿಯನ್ನು ಮುಟ್ಟಿದ. 2013ರಲ್ಲಿ ಆಟ ಜಿಒಜಿಯಲ್ಲಿ ಮಾರಾಟಕ್ಕೆ ಬಂತು. ಅವನು ಕಟ್ಟಿದ ನೈಟ್‌ಡೈವ್ ಸ್ಟುಡಿಯೋಸ್‌ಗೆ ಹಳೆಯ ಆಟ ಎಬ್ಬಿಸುವುದೇ ಕೆಲಸವಾಯಿತು. 2023ರಲ್ಲಿ ಅಟಾರಿ ಅದನ್ನು ಕೊಂಡಿತು.

ಸ್ಟೀಮ್: ರೂಪಾಯಿಯ ಅನುಕೂಲ, ಅಪ್ಪಣೆಯ ಷರತ್ತು

ವಾಲ್ವ್ ಕಂಪನಿಯ ಸ್ಟೀಮ್ 2003ರ ಸೆಪ್ಟೆಂಬರಿನಲ್ಲಿ ಬಂದದ್ದು ಅಂಗಡಿಯಾಗಿ ಅಲ್ಲ, ಕೌಂಟರ್ ಸ್ಟ್ರೈಕ್‌ನಂಥ ತನ್ನ ಆಟಗಳಿಗೆ ಅಪ್‌ಡೇಟ್ ಕಳಿಸುವ ವ್ಯವಸ್ಥೆಯಾಗಿ. 2004ರಲ್ಲಿ ‘ಹಾಫ್–ಲೈಫ್ 2’ ಆಡಲು ಅದು ಕಡ್ಡಾಯವಾಯಿತು. ಡಯಲ್‌ಅಪ್ ಮೋಡೆಮ್‌ನ ಕಿರುಚಾಟದ ನಡುವೆ ಅಸಲಿ ಡಿಸ್ಕನ್ನು ‘ಆ್ಯಕ್ಟಿವೇಟ್’ ಮಾಡಬೇಕಾಗಿ ಬಂದವರು ಸ್ಟೀಮನ್ನು ಹರಸಿರಲಿಕ್ಕಿಲ್ಲ. ಆದರೆ ಅದು ಬೆಳೆದ ಪರಿ ಬೇರೆ. 2007ರಲ್ಲಿ ಐಡಿ ಸಾಫ್ಟ್‌ವೇರ್ ತನ್ನ ಡೂಮ್, ವುಲ್ಫನ್‌ಸ್ಟೈನ್ ಆಟಗಳನ್ನು ಡಾಸ್‌ಬಾಕ್ಸ್ ಸಮೇತ ಅಲ್ಲಿಗೆ ತಂದಿತು. 2013ರಲ್ಲಿ ‘ಏಜ್ ಆಫ್ ಎಂಪೈರ್ಸ್ 2’ ಎಚ್‌ಡಿ ರೂಪದಲ್ಲಿ ಬಂತು, 2019ರಲ್ಲಿ ಮತ್ತೆ ಹೊಸದಾಗಿ. 2022ರ ವಿಸ್ತರಣೆಯಲ್ಲಿ ದ್ರಾವಿಡರು, ಬಂಗಾಳಿಗಳು, ಗುರ್ಜರರು ಪ್ರತ್ಯೇಕ ಸೈನ್ಯಗಳಾಗಿ ಸೇರಿದರು. ಬ್ರಿಟನ್ನರನ್ನೋ ಟ್ಯೂಟನ್ನರನ್ನೋ ಆರಿಸಿಕೊಂಡು ಸೈಬರ್‌ನಲ್ಲಿ ಕಾದಾಡಿದವರಿಗೆ ಇಪ್ಪತ್ತಮೂರು ವರ್ಷ ತಡವಾಗಿಯಾದರೂ ಮನೆಯ ಕಡೆಯ ಪಡೆ ಸಿಕ್ಕಿತು.

ಇಲ್ಲಿನ ಗಿರಾಕಿಯ ಮಟ್ಟಿಗೆ ಸ್ಟೀಮ್‌ನ ದೊಡ್ಡ ಬದಲಾವಣೆ 2015ರ ನವೆಂಬರಿನದು: ಬೆಲೆ ರೂಪಾಯಿಗೆ ಬಂತು. ಹಲವು ಪ್ರಕಾಶಕರು ಡಾಲರಿನ ನೇರ ಲೆಕ್ಕಕ್ಕಿಂತ ಕಡಿಮೆ ಬೆಲೆಯನ್ನೂ ಇಟ್ಟರು. ಈಗ ಯುಪಿಐನಲ್ಲೇ ಕಟ್ಟಬಹುದು. ಜಿಒಜಿ ಭಾರತಕ್ಕೆ ಡಾಲರಿನಲ್ಲೇ ಮಾರುತ್ತದೆ. ಆರು ಡಾಲರಿನ ಆಟ ಅಂಗಡಿ ಶುರುವಾದಾಗ ಮುನ್ನೂರು ರೂಪಾಯಿಯೊಳಗಿತ್ತು. ಅದೇ ಆರು ಡಾಲರು ಈಗ ಐನೂರು ದಾಟುತ್ತದೆ. ಆಟ ಹಳತಾದಷ್ಟೂ ದುಬಾರಿಯಾಗುವ ಈ ಚೋದ್ಯ ರೂಪಾಯಿಯದು, ಅಂಗಡಿಯದಲ್ಲ. ಅದರ ಮೇಲೆ ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ ಸಾಮಾನ್ಯವಾಗಿ ಶೇ 2ರಿಂದ 3.5, ಆ ಶುಲ್ಕಕ್ಕೆ ಶೇ 18 ಜಿಎಸ್‌ಟಿ. ಇನ್ನೂ ಒಂದು ತೊಡಕು: ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಮೊದಲಿಗೆ ಬಂದ್ ಇರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ತೆರೆದು, ಮಿತಿ ಹಾಕಿ, ಕೊಂಡ ಮೇಲೆ ಮತ್ತೆ ಮುಚ್ಚುವುದು ಜಾಣತನ. ಇಷ್ಟೆಲ್ಲ ಆದಮೇಲೂ ರಿಯಾಯಿತಿಯ ದಿನಗಳಲ್ಲಿ ಹಳೆಯ ಆಟಗಳು ಒಂದೆರಡು ಡಾಲರಿಗೆ ಇಳಿಯುತ್ತವೆ. ಅವಸರವಿಲ್ಲದವರಿಗೆ ಎರಡು ಅಂಗಡಿಗಳ ಬೆಲೆಯ ಅಂತರ ಅಷ್ಟೇನೂ ಉಳಿಯುವುದಿಲ್ಲ.

ಹಿಂದಿರುಗಿಸುವ ವಿಷಯದಲ್ಲಿ ಜಿಒಜಿ ಉದಾರಿ. ಸ್ಟೀಮ್ 2015ರಿಂದ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಕೊಡುತ್ತದೆ. ಜಿಒಜಿ 2020ರಿಂದ ಮೂವತ್ತು ದಿನ ಕೊಟ್ಟಿದೆ, ಆಡಿದ್ದರೂ ಸರಿ. ಹಳೆಯ ಆಟ ನಮ್ಮ ಯಂತ್ರದಲ್ಲಿ ಕೈಕೊಡುವುದು ಕೆಲವೊಮ್ಮೆ ಐದನೇ ಗಂಟೆಯಲ್ಲಿ. ಅಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಇನ್ನು ಕೈಯಲ್ಲಿ ಉಳಿಯುವುದು. 2024ರ ಅಕ್ಟೋಬರಿನಿಂದ ಸ್ಟೀಮ್ ಹಣ ಕಟ್ಟುವ ಪುಟದಲ್ಲೇ ಬರೆಯತೊಡಗಿದೆ: ನೀವು ಪಡೆಯುತ್ತಿರುವುದು ಲೈಸೆನ್ಸ್. ಹೀಗೆ ತಿಳಿಸಬೇಕೆಂಬ ಕ್ಯಾಲಿಫೋರ್ನಿಯಾದ ಹೊಸ ಕಾಯ್ದೆ ಜಾರಿಗೆ ಬರುವ ಮೊದಲೇ ಸ್ಟೀಮ್ ಹೇಳಬೇಕಾದ್ದನ್ನು ಹೇಳಿತು. ಕಾನೂನಿನ ಕಣ್ಣಿಗೆ ಜಿಒಜಿ ಮಾರುವುದೂ ಲೈಸೆನ್ಸೇ. ಆದರೆ ಇಳಿಸಿಟ್ಟ ಇನ್‌ಸ್ಟಾಲರನ್ನು ವಾಪಸು ಕಸಿದುಕೊಳ್ಳುವ ದಾರಿ ಅದಕ್ಕಿಲ್ಲ. ಸ್ಟೀಮ್ 2024ರ ಜನವರಿಯಿಂದ ವಿಂಡೋಸ್ 7 ಮತ್ತು 8ಕ್ಕೆ ಬೆಂಬಲ ನಿಲ್ಲಿಸಿದೆ. 1998ರ ಆಟಕ್ಕೆ ವಿಂಡೋಸ್ 7 ಧಾರಾಳ ಸಾಕು. ಅದನ್ನು ಮಾರುವ ಅಂಗಡಿಗೆ ಸಾಲದು. ಮೂಲೆಯಲ್ಲಿ ಕೂತ ಹಳೆಯ ಡೆಸ್ಕ್‌ಟಾಪನ್ನು ಆಟಕ್ಕೆಂದೇ ಇಟ್ಟುಕೊಳ್ಳುವ ಆಸೆಯಿದ್ದವರಿಗೆ ಜಿಒಜಿಯೇ ದಾರಿ.

ಒಂದೇ ಆಟ, ಎರಡು ಸರಕು

ಹೆಸರು ಒಂದೇ ಇದ್ದರೂ ಎರಡು ಅಂಗಡಿಯಲ್ಲಿ ಸಿಗುವ ಸರಕು ಬೇರೆ ಇರಬಹುದು. ‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3’ 2015ರಲ್ಲಿ ಸ್ಟೀಮ್‌ಗೆ ಎಚ್‌ಡಿ ರೂಪದಲ್ಲಿ ಬಂದಾಗ ಅದರ ಎರಡು ವಿಸ್ತರಣೆಗಳೂ ಇರಲಿಲ್ಲ. ಅವುಗಳ ಮೂಲ ಸಂಕೇತವೇ ಕಳೆದುಹೋಗಿತ್ತು. ಜಿಒಜಿ ಹಳೆಯ ಆಟವನ್ನೇ ವಿಸ್ತರಣೆಗಳ ಸಮೇತ ಮಾರುತ್ತಿತ್ತು. ‘ಫಾಲೌಟ್ 3’ ಆಟದ ಸ್ಟೀಮ್ ಪ್ರತಿ 2021ರವರೆಗೂ ಮೈಕ್ರೋಸಾಫ್ಟಿನ ಸತ್ತುಹೋದ ಒಂದು ಸೇವೆಯನ್ನು ಹೊತ್ತುಕೊಂಡೇ ಇತ್ತು. ಜಿಒಜಿಯದಕ್ಕೆ ಆ ಹೊರೆ ಇರಲಿಲ್ಲ. ಹಾಗೆಂದು ಜಿಒಜಿಯ ಕಪಾಟು ಸ್ಥಿರ ಎಂದುಕೊಳ್ಳಬಾರದು. ಮೊದಲ ಎರಡು ‘ಫಾಲೌಟ್’ ಆಟಗಳು ಹಕ್ಕು ಕೈಬದಲಾಯಿಸಿದ್ದರಿಂದ 2014ರ ಹೊತ್ತಿಗೆ ಮಾಯವಾಗಿ 2015ರಲ್ಲಿ ಮರಳಿದವು. ‘ವಾರ್‌ಕ್ರಾಫ್ಟ್’ನ ಮೊದಲೆರಡು ಭಾಗಗಳು 2019ರಲ್ಲಿ ಬಂದು 2024ರ ಡಿಸೆಂಬರಿನಲ್ಲಿ ಹೋದವು, ಅವುಗಳನ್ನು ಮಾಡಿದ ಬ್ಲಿಝರ್ಡ್ ತನ್ನದೇ ಹೊಸ ರೂಪ ಹೊರತಂದ ಬೆನ್ನಿಗೆ. ಆಗಲೇ ಕೊಂಡವರ ಪ್ರತಿಗಳನ್ನು ಮಾತ್ರ ಮುಂದೆಯೂ ಓಡುವಂತೆ ಇಡುತ್ತೇವೆಂದು ಜಿಒಜಿ ಹೇಳಿತು.

ಪ್ರಕಾಶಕ ಹೊಸ ರೂಪ ತಂದಾಗ ಹಳೆಯದನ್ನು ಕಪಾಟಿನಿಂದ ತೆಗೆಯುವ ಈ ಚಾಳಿ ನನಗೆ ಸರಿಕಾಣುವುದಿಲ್ಲ. ‘ವೈಸ್ ಸಿಟಿ’ಗೂ ಅದೇ ಆಯಿತು. ಮೊದಲು ಹಾಡುಗಳ ಪರವಾನಗಿ ಮುಗಿದು ಅದರ ರೇಡಿಯೊದಿಂದ ಕೆಲವು ಹಾಡು ಉದುರಿದವು. 2021ರ ಅಕ್ಟೋಬರಿನಲ್ಲಿ, ಮೂರು ಆಟಗಳ ಹೊಸ ‘ಡೆಫಿನಿಟಿವ್’ ಕಟ್ಟು ಬರುವ ಮುನ್ನ, ಮೂಲ ಆಟವನ್ನೇ ಸ್ಟೀಮ್‌ನಿಂದ ತೆಗೆದರು. ಆ ಕಟ್ಟು ದೋಷಗಳಿಂದ ಕೂಡಿತ್ತು. ಬೈಗುಳ ತಿಂದ ಪ್ರಕಾಶಕ ರಾಕ್‌ಸ್ಟಾರ್, ಹಳೆಯದನ್ನು ತನ್ನ ಅಂಗಡಿಯಲ್ಲಿ ಮತ್ತೆ ಕೊಡಬೇಕಾಯಿತು. ಆ ರಾಕ್‌ಸ್ಟಾರ್‌ಗೆ ಬೆಂಗಳೂರಿನಲ್ಲೇ ಸ್ಟುಡಿಯೊ ಇದೆ. ರಾಜೇಶ್ ರಾವ್ 1997ರಲ್ಲಿ ಇಲ್ಲಿ ಕಟ್ಟಿದ, ಭಾರತದ ಮೊದಮೊದಲ ಆಟದ ಕಂಪನಿ ಧ್ರುವ ಇಂಟರ‍್ಯಾಕ್ಟಿವ್ ಅನ್ನು 2019ರಲ್ಲಿ 79 ಲಕ್ಷ ಡಾಲರಿಗೆ ಕೊಂಡದ್ದೂ ಅದೇ. ನಕಲು ಸಿಡಿಯಲ್ಲಿ ಅದರ ಆಟ ಆಡಿ ಬೆಳೆದ ಊರಿನಲ್ಲಿ ಈಗ ಅದರ ನೌಕರರೇ ಇದ್ದಾರೆ.

ಉಳಿದ ಅಂಗಡಿಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 2018ರಲ್ಲಿ ಬಂದ ಎಪಿಕ್ ವಾರವಾರ ಉಚಿತ ಆಟ ಹಂಚುತ್ತದೆ. ಹಳೆಯದರ ಮೇಲೆ ಅದರ ಗಮನವಿಲ್ಲ. 2014ರ ಝೂಮ್ ಪ್ಲಾಟ್‌ಫಾರ್ಮ್ ಜಿಒಜಿಯಂತೆಯೇ ಬೀಗವಿಲ್ಲದ ಅಂಗಡಿ, ಕಪಾಟು ಚಿಕ್ಕದು. ಇಚ್ ಡಾಟ್ ಐಒದಲ್ಲಿ ಇವತ್ತು ಹೊಸದಾಗಿ ಡಾಸ್‌ಗೆ ಬರೆದ ಆಟಗಳು ಸಿಗುತ್ತವೆ, ಆ ಹುಚ್ಚು ಇರುವವರಿಗೆ. ಅಗ್ಗದ ‘ಕೀ’ ಮಾರುವ ಮಧ್ಯವರ್ತಿ ತಾಣಗಳಿಂದ ದೂರವಿರುವುದು ಲೇಸು. ಆ ಕೀ ಎಲ್ಲಿಂದ ಬಂತೆಂದು ಮಾರುವವನಿಗೇ ಗೊತ್ತಿರುವುದಿಲ್ಲ. ಮಾರುವವರೇ ಬೇಡವಾದ ದಾರಿಯೂ ಒಂದಿದೆ. ‘ಟ್ರಾನ್ಸ್‌ಪೋರ್ಟ್ ಟೈಕೂನ್’ ಅಭಿಮಾನಿಗಳು 2004ರಿಂದ ಬೆಳೆಸಿದ ‘ಓಪನ್‌ಟಿಟಿಡಿ’ ಪೂರ್ತಿ ಉಚಿತ. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಮನೆ ಸೇರಿದವರು ಕೂತು ರಸ್ತೆ ಜಾಲ ಕಟ್ಟುವ ಆಟ ಆಡುತ್ತಾರೆಂಬುದು ಮನೋವೈದ್ಯರಿಗೆ ಬಿಟ್ಟ ವಿಷಯ.

ಯಾವ ಕಪಾಟಿನಲ್ಲೂ ಇಲ್ಲದ್ದು

ನ್ಯಾಷನಲ್ ಮಾರ್ಕೆಟ್ಟಿನ ಪಟ್ಟಿಗೆ ಮರಳಿ, ಈ ಅಂಗಡಿಗಳಲ್ಲಿ ಒಂದೊಂದನ್ನೇ ಹುಡುಕಿದರೆ ಆಗುವುದು ನಿರಾಸೆ. 1996ರ ರೋಡ್ ರ‍್ಯಾಶ್ ಮಾರಾಟಕ್ಕಿಲ್ಲ. ಮೊದಮೊದಲ ನೀಡ್ ಫಾರ್ ಸ್ಪೀಡ್‌ಗಳು ಇಲ್ಲ. ಅವುಗಳಲ್ಲಿನ ನಿಜ ಕಾರುಗಳ ಹೆಸರಿಗೆ ಮತ್ತೆ ಪರವಾನಗಿ ಪಡೆಯಬೇಕು. ಮಿಡ್‌ಟೌನ್ ಮ್ಯಾಡ್‌ನೆಸ್ ಇಲ್ಲ. ಪಿಸಿಯ ವರ್ಚುವಾ ಕಾಪ್ 2 ಇಲ್ಲ. ಡಾಸ್‌ನ ಮೂಲ ಪ್ರಿನ್ಸ್ ಆಫ್ ಪರ್ಷಿಯಾ ಕೂಡ ಇಲ್ಲ, ಆಪಲ್ ಯಂತ್ರಕ್ಕೆ ಬರೆದ ಅದರ ಸಂಕೇತವನ್ನು ಮೆಕ್ನರ್ 2012ರಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದರೂ. ಮೊನೊಲಿತ್ ಕಂಪನಿ 1997ರಲ್ಲಿ ಮಾಡಿದ ಕ್ಲಾ, ಅದೇ ಬೆಕ್ಕು ಕ್ಯಾಪ್ಟನ್‌ನ ಆಟ, ಎಲ್ಲೂ ಇಲ್ಲ. ಆ ಕಂಪನಿಯನ್ನೇ ಅದರ ಮಾಲೀಕರಾದ ವಾರ್ನರ್ 2025ರ ಫೆಬ್ರುವರಿಯಲ್ಲಿ ಮುಚ್ಚಿದರು.

ಇದು ನಮ್ಮೊಬ್ಬರ ಪಾಡಲ್ಲ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2010ಕ್ಕಿಂತ ಮೊದಲು ಅಲ್ಲಿ ಬಂದ ಆಟಗಳಲ್ಲಿ ಶೇ 87ರಷ್ಟು ಈಗ ಮಾರುಕಟ್ಟೆಯಲ್ಲೇ ಇಲ್ಲ. ಆದರೆ ನಮ್ಮ ನಷ್ಟಕ್ಕೆ ಇನ್ನೊಂದು ಮಗ್ಗುಲಿದೆ. ಯಾವ ಆಟವನ್ನು ಎಬ್ಬಿಸಬೇಕೆಂದು ಅಂಗಡಿ ನಿರ್ಧರಿಸುವುದು ಹಿಂದೆ ಎಷ್ಟು ಮಾರಿತ್ತು, ಈಗ ಯಾರು ಕೇಳುತ್ತಿದ್ದಾರೆ ಎಂಬುದನ್ನು ನೋಡಿ. ಭಾರತದಲ್ಲಿ ಇವು ಮಾರಿದ್ದೇ ಲೆಕ್ಕಕ್ಕಿಲ್ಲದ ಸಿಡಿಗಳಲ್ಲಿ. ಎಷ್ಟೋ ಮನೆಗಳಲ್ಲಿ ಕ್ಲಾ ಓಡಿದ್ದಕ್ಕೆ ಯಾವ ಪ್ರಕಾಶಕನ ಖಾತೆಯಲ್ಲೂ ದಾಖಲೆಯಿಲ್ಲ.

ಹಾಗಾದರೆ ಮಾರಾಟ ನಿಂತ ಆಟಗಳನ್ನು ಹಂಚುವ ‘ಅಬಾಂಡನ್‌ವೇರ್’ ತಾಣಗಳಿಂದ ಇಳಿಸಿಕೊಳ್ಳಬಹುದೇ? ನಮ್ಮ ಕಾನೂನಿನಲ್ಲಿ ಅಂಥದೊಂದು ವರ್ಗವೇ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಸಾಹಿತ್ಯ ಕೃತಿಯಾಗಿ ಕಾಣುತ್ತದೆ. ಮಾರಾಟ ನಿಲ್ಲಿಸಿದ ಮಾತ್ರಕ್ಕೆ ಹಕ್ಕು ಕಳೆಯುವುದಿಲ್ಲ. ಕದ್ದ ಪ್ರೋಗ್ರಾಂ ಎಂದು ತಿಳಿದೂ ಬಳಸಿದರೆ 63ಬಿ ಕಲಮಿನಲ್ಲಿ ಶಿಕ್ಷೆಯುಂಟು. ವ್ಯಾಪಾರದ ಉದ್ದೇಶವಿಲ್ಲದಿದ್ದರೆ ಜೈಲಿನ ಬದಲು ದಂಡಕ್ಕೆ ನಿಲ್ಲಿಸುವ ಅವಕಾಶ ನ್ಯಾಯಾಲಯಕ್ಕಿದೆ. ಹಾಗೆಯೇ ನ್ಯಾಯವಾಗಿ ಕೊಂಡವನು ತನ್ನ ಪ್ರತಿ ಹಾಳಾದೀತೆಂದು ಬ್ಯಾಕಪ್ ಮಾಡಿಟ್ಟುಕೊಳ್ಳುವುದನ್ನು 52ನೇ ಕಲಮು ಒಪ್ಪುತ್ತದೆ. ಅಸಲಿ ಸಿಡಿ ಇದ್ದವರು ಅದು ಬೂಸ್ಟು ಹಿಡಿಯುವ ಮೊದಲು ಇದನ್ನು ಮಾಡಿಕೊಳ್ಳಬೇಕು. ಹೊಸ ಲ್ಯಾಪ್‌ಟಾಪುಗಳಲ್ಲಿ ಸಿಡಿ ಡ್ರೈವೇ ಇಲ್ಲವಾದ್ದರಿಂದ ಯುಎಸ್‌ಬಿ ಡ್ರೈವೊಂದನ್ನು ಎಸ್.ಪಿ. ರಸ್ತೆಯಿಂದ ತರಬೇಕಾದೀತು. ಬರಿ ಒಮ್ಮೆ ನೋಡಿದರೆ ಸಾಕೆನ್ನುವವರಿಗೆ ಇಂಟರ್ನೆಟ್ ಆರ್ಕೈವ್ ಇದೆ. 2015ರ ಜನವರಿಯಲ್ಲಿ ಅದು ಎರಡು ಸಾವಿರಕ್ಕೂ ಹೆಚ್ಚು ಡಾಸ್ ಆಟಗಳನ್ನು ಬ್ರೌಸರಿನಲ್ಲೇ ಓಡುವಂತೆ ಇಟ್ಟಿತು.

ನನ್ನ ತೀರ್ಮಾನ ಇಷ್ಟು. 2003ಕ್ಕಿಂತ ಹಿಂದಿನ ಆಟ ಎರಡೂ ಕಡೆ ಇದ್ದರೆ ಜಿಒಜಿಯಲ್ಲೇ ಕೊಳ್ಳಿ, ನೂರಿನ್ನೂರು ಹೆಚ್ಚಾದರೂ. ಕೊಂಡ ದಿನವೇ ಇನ್‌ಸ್ಟಾಲರ್ ಇಳಿಸಿ ಬೇರೆ ಡಿಸ್ಕಿನಲ್ಲಿಡಿ. ಏಜ್ ಆಫ್ ಎಂಪೈರ್ಸ್‌ನಂತೆ ಹಳೆಯ ಸೈಬರ್ ಗೆಳೆಯರ ಜೊತೆ ಆಡಬೇಕಾದ್ದಕ್ಕೆ ಸ್ಟೀಮ್ ಸಾಕು, ಅಗ್ಗವೂ ಹೌದು. ರೋಡ್ ರ‍್ಯಾಶ್, ಕ್ಲಾಗಳಿಗೆ ಕಾಯಬೇಕು. 2025ರ ಜನವರಿಯಲ್ಲಿ ಜಿಒಜಿ ‘ಡ್ರೀಮ್‌ಲಿಸ್ಟ್’ ಎಂಬ ಪುಟ ತೆರೆದಿದೆ. ಯಾವ ಆಟ ಬೇಕೆಂದು ಅಲ್ಲಿ ಮತ ಹಾಕಬಹುದು, ಜೊತೆಗೆ ನೆನಪೊಂದನ್ನು ಬರೆಯಬಹುದು. ಹಕ್ಕುದಾರರ ಜೊತೆ ಮಾತಾಡುವಾಗ ಕಂಪನಿ ಆ ಎಣಿಕೆಯನ್ನು ಮುಂದಿಡುತ್ತದೆ. ಅದಕ್ಕೆ ಡಾಲರು ಬೇಡ, ವಿದೇಶಿ ವಹಿವಾಟು ತೆರೆದ ಕಾರ್ಡೂ ಬೇಡ, ಖಾತೆಯೊಂದಿದ್ದರೆ ಆಯಿತು.